ಹಿಮದ ಮೇಲೆ ಕಿತ್ತಳೆ ಕೋಟು

ಎದುರಂಗಡಿಯ ಶಟರು ಗರ್ರೆಂದು ಮೇಲೇಳುವ ಸದ್ದು ಕೇಳಿದರೆ ಸಾಕು, ಟೈಲರ್ ಮಾಸ್ತರರ ಬಾಯಲ್ಲಿದ್ದ ಚಹಾ ಕಹಿಯಾಗುತ್ತಿತ್ತು. ಎದುರಿನದು ರೆಡಿಮೇಡ್ ಬಟ್ಟೆಯ ಅಂಗಡಿ. ಉದ್ದಕ್ಕೂ ಗಾಜಿನ ಗೋಡೆ, ಗಾಜಿನೊಳಗೆ ತಲೆಯಿಲ್ಲದ ಗೊಂಬೆಗಳು. (ತಲೆಯಿದ್ದವರು ಆ ಬಟ್ಟೆ ಹಾಕಿಕೊಳ್ಳುವುದಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂಬುದು ಮಾಸ್ತರರ ವಾದ.) ಆದರೂ ಇಡೀ ಬೀದಿ ಆ ಬಾಗಿಲಿಗೇ ನುಗ್ಗುತ್ತಿತ್ತು. ಮಾಸ್ತರರ ಅಂಗಡಿಯ ಮೆಟ್ಟಿಲು ಹತ್ತುವವರು ಅಲ್ಲಿ ಕೊಂಡ ಪ್ಯಾಂಟಿನ ಉದ್ದ ಕಡಿಮೆ ಮಾಡಿಸುವವರು ಮಾತ್ರ.

ಇಂಥ ಶತ್ರುಪಾಳೆಯಕ್ಕೆ ಹೋಗಿ ಮಾಸ್ತರರ ಹೆಂಡತಿ ಒಂದು ಜೊತೆ ಕಾಲುಚೀಲ ಕೊಂಡು ತಂದರು. ಮಾಸ್ತರರು ಊಟ ಬಿಟ್ಟು ಕೂತರು. ಹೆಂಡತಿ ಕೇಳಿದ್ದು ಒಂದೇ ಮಾತು: "ಕಾಲುಚೀಲ ನೀವು ಹೊಲೀತೀರಾ?"

ಮಾಸ್ತರರು ಊಟಕ್ಕೆ ಎದ್ದರು. ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಕಾಲುಚೀಲದ ಜೊತೆಗೆ ಕೊಟ್ಟಿದ್ದ ಲಕ್ಕಿ ಡ್ರಾ ಚೀಟಿಗೆ ಮೊದಲ ಬಹುಮಾನ ಬಂದುಬಿಟ್ಟಿತು. ಕುಟುಂಬ ಸಮೇತ ಚಳಿಗಾಲದ ವಿದೇಶ ಪ್ರವಾಸ. ಹಿಮದ ಬೆಟ್ಟ, ಹೆಪ್ಪುಗಟ್ಟಿದ ಸರೋವರ, ಬೆಟ್ಟದ ನೆತ್ತಿಗೆ ಹತ್ತುವ ಪುಟ್ಟ ರೈಲು. ಷರತ್ತು ಇಷ್ಟೇ: ಆ ನೆತ್ತಿಯ ಮೇಲೆ ಮಾಸ್ತರರು, ಹೆಂಡತಿ, ಮಗಳು, ಅತ್ತೆ ನಾಲ್ವರೂ ನಿಂತು ಒಂದು ಫೋಟೋ ತೆಗೆಸಿ ತರಬೇಕು. ಅದನ್ನು ಆಳೆತ್ತರ ಮಾಡಿಸಿ ಅಂಗಡಿಯ ಗಾಜಿಗೆ ಅಂಟಿಸುತ್ತಾರೆ. ಅದಕ್ಕೆಂದೇ ನಾಲ್ಕು ರೆಡಿಮೇಡ್ ಕೋಟುಗಳನ್ನೂ ಪುಕ್ಕಟೆ ಕೊಟ್ಟರು.

ಮಾಸ್ತರರು ಆ ರಾತ್ರಿಯೆಲ್ಲ ಹೊರಳಾಡಿ, ಬೆಳಗ್ಗೆ ಭೀಷ್ಮಪ್ರತಿಜ್ಞೆಯೊಂದನ್ನು ಮಾಡಿದರು. ಪ್ರವಾಸಕ್ಕೆ ಹೋಗುವುದು ಸರಿ, ಹೆಂಡತಿಯ ಆಸೆ. ಫೋಟೋ ತೆಗೆಸುವುದೂ ಸರಿ. ಆದರೆ ಆ ಫೋಟೋದಲ್ಲಿ ನಾಲ್ವರ ಮೈಮೇಲೂ ತಮ್ಮ ಕೈಯ ಹೊಲಿಗೆಯೇ ಇರಬೇಕು. ಶತ್ರುವಿನ ಗಾಜಿನ ಮೇಲೆ, ಶತ್ರುವಿನದೇ ಖರ್ಚಿನಲ್ಲಿ, ತಮ್ಮ ಕೋಟು ನಗಬೇಕು. ಪುಕ್ಕಟೆ ಕೋಟುಗಳನ್ನು ಹಿಂದಿರುಗಿಸಿಬಿಡು ಎಂದು ಹೆಂಡತಿಗೆ ಅಪ್ಪಣೆಯಾಯಿತು. ಹೆಂಡತಿ ಹೂಂ ಎಂದು ಗಂಟು ಎತ್ತಿಕೊಂಡು ಒಳಗೆ ಹೋದರು.

ಬಟ್ಟೆಗೇನು ಬರವಿರಲಿಲ್ಲ. ಬ್ಯಾಂಡ್ ಮೇಳವೊಂದು ಸಮವಸ್ತ್ರಕ್ಕೆಂದು ತರಿಸಿ, ಆಮೇಲೆ ತಮ್ಮತಮ್ಮಲ್ಲೇ ಜಗಳವಾಡಿ ಚದುರಿಹೋದದ್ದರಿಂದ ಉಳಿದ ದಪ್ಪ ಕಿತ್ತಳೆ ಬಣ್ಣದ ಬಟ್ಟೆಯ ಥಾನು ಅಂಗಡಿಯ ಮೂಲೆಯಲ್ಲಿ ಬಿದ್ದಿತ್ತು. ಜೊತೆಗೆ ಥಳಥಳ ಹೊಳೆಯುವ ಬೆಳ್ಳಿ ಪಟ್ಟಿಯ ಸುರುಳಿ. ಮಾಸ್ತರರು ಎರಡು ಪದರ ಅಸ್ತರು ಕೊಟ್ಟು, ಎದೆಗೆ ಅಡ್ಡಲಾಗಿ ಬೆಳ್ಳಿ ಪಟ್ಟಿ ಕೂರಿಸಿ, ಹಿಮಕರಡಿಗೂ ಬೆವರಿಳಿಯುವಂಥ ನಾಲ್ಕು ಕೋಟು ಹೊಲಿದರು. ಅತ್ತೆ ತಮ್ಮ ಕೋಟನ್ನು ತಿರುಗಿಸಿ ಮುರುಗಿಸಿ ನೋಡಿ, "ಅಳಿಯಂದಿರೇ, ಡೋಲು ಕೂಡ ಕೊಡ್ತೀರೋ ಹೇಗೆ?" ಎಂದರು. ಬೆಳ್ಳನೆಯ ಹಿಮದಲ್ಲಿ ಯಾರಾದರೂ ಕಳೆದುಹೋದರೆ ದೂರದಿಂದಲೇ ಕಾಣಬೇಕಲ್ಲ ಎಂದು ಮಾಸ್ತರರು ಗಂಭೀರವಾಗಿ ಸಮಜಾಯಿಷಿ ಕೊಟ್ಟರು.

ದೇಶವೇನೋ ಕಣ್ಣು ಸಾಲದಷ್ಟು ಚೆಂದವಾಗಿತ್ತು. ಮರಗಳು ಹಿಮ ಹೊತ್ತು ತೂಕಡಿಸುತ್ತಿದ್ದವು. ಸರೋವರದ ಮೇಲೆ ಬೆಳಕು ಸದ್ದಿಲ್ಲದೆ ಜಾರುತ್ತಿತ್ತು. ಮಾಸ್ತರರು ಮಾತ್ರ ಜನರ ಮೈಮೇಲಿನ ಕೋಟುಗಳನ್ನಷ್ಟೇ ನೋಡಿದರು. ಯಾರ ಭುಜ ಎಲ್ಲಿ ಸುಕ್ಕಾಗಿದೆ, ಯಾರ ತೋಳು ಎಷ್ಟು ಗಿಡ್ಡ ಎಂದು ದಾರಿಯುದ್ದಕ್ಕೂ ಮಗಳಿಗೆ ವಿವರಿಸಿದರು. ಕಾಲೇಜು ಓದುವ ಮಗಳು ಅಪ್ಪನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬೇರೆ ಯಾರದೋ ಮಗಳಂತೆ ನಡೆಯುತ್ತಿದ್ದಳು.

ಬೆಟ್ಟದ ರೈಲಿನ ನಿಲ್ದಾಣಕ್ಕೆ ಕಾಲಿಟ್ಟದ್ದೇ ತಡ, ಎಲ್ಲರ ಕಣ್ಣೂ ಮಾಸ್ತರರ ಕುಟುಂಬದ ಮೇಲೆ ಬಿತ್ತು. ಒಬ್ಬ ಮುದುಕ ನಕ್ಕು ತಲೆಬಾಗಿದ. ತುಪ್ಪಳದ ಟೋಪಿಯ ಹೆಂಗಸೊಬ್ಬಳು ನೇರ ಬಂದು ಮಾಸ್ತರರ ತೋಳನ್ನೇ ಹಿಡಿದಳು. ಹೊಲಿಗೆ ಪರೀಕ್ಷಿಸುತ್ತಿದ್ದಾಳೆಂದು ಮಾಸ್ತರರು ತೋಳನ್ನು ಇನ್ನಷ್ಟು ಚಾಚಿದರು. ಆಕೆ ಅದೇ ತೋಳಿಗೆ ತನ್ನ ಪೆಟ್ಟಿಗೆ ತಗುಲಿಸಿ ಹೊರಟುಹೋದಳು.

ಅಷ್ಟರಲ್ಲಿ ಮಗಳು ಪ್ಲಾಟ್‌ಫಾರಂ ಕಡೆಗೆ ಬೆರಳು ತೋರಿಸಿದಳು. ಅಲ್ಲಿ ಹಿಮ ಬಾಚುವವರು, ಪೆಟ್ಟಿಗೆ ಹೊರುವವರು, ದಾರಿ ತೋರಿಸುವವರು ಎಲ್ಲರೂ ಕಿತ್ತಳೆ ಕೋಟಿನಲ್ಲಿದ್ದರು. ಎದೆಗೆ ಅಡ್ಡಲಾಗಿ ಬೆಳ್ಳಿ ಪಟ್ಟಿ.

ಅತ್ತೆಗೆ ಇದರಿಂದ ಬೇಸರವೇನೂ ಆದಂತಿರಲಿಲ್ಲ. ಬಂದು ಕೇಳಿದವರಿಗೆಲ್ಲ ಅವರು ಕೈ ಚಾಚಿ ತೋಚಿದ ದಿಕ್ಕು ತೋರಿಸುತ್ತಿದ್ದರು. ಜನ ಆ ದಿಕ್ಕಿಗೆ ಹೋಗುತ್ತಲೂ ಇದ್ದರು. ಕೊರಳಲ್ಲಿ ಸೀಟಿ ತೂಗಿಸಿಕೊಂಡ ದಪ್ಪ ಮೀಸೆಯ ಮೇಲ್ವಿಚಾರಕ ಬಂದು ಮಾಸ್ತರರ ಕೈಗೊಂದು ಸಲಿಕೆ ಕೊಟ್ಟ. ಮಗಳು ತನಗೆ ಬರುವ ಇಂಗ್ಲಿಷಿನಲ್ಲಿ ತಿಳಿಹೇಳಿದಳು. ಅವನು ತನ್ನ ಭಾಷೆಯಲ್ಲಿ ಅವಳಿಗೂ ಒಂದು ಸಲಿಕೆ ತರಲು ಹೇಳಿದ. ರೈಲಿನ ಗಾರ್ಡು ಟಿಕೆಟ್ಟುಗಳ ಕಡೆ ಕಣ್ಣೂ ಹಾಯಿಸದೆ, ಕಿತ್ತಳೆಯವರೆಲ್ಲ ಹಿಂದಿನ ಸಾಮಾನಿನ ಡಬ್ಬಿಗೆ ಎಂದು ಕೈ ಮಾಡಿದ.

ಆಗ ಹೆಂಡತಿ ತಮ್ಮ ಚೀಲದ ಜಿಪ್ಪು ಎಳೆದರು. ಒಳಗಿಂದ ನಾಲ್ಕು ರೆಡಿಮೇಡ್ ಕೋಟುಗಳು ಹೊರಬಂದವು.

"ವಾಪಸು ಕೊಡು ಅಂದಿದ್ನಲ್ಲೇ."

"ಹೂಂ ಅಂದಿದ್ದೆ. ಯಾವತ್ತು ಅಂತ ನೀವು ಕೇಳ್ಲಿಲ್ಲ. ತಗೊಳ್ಳಿ, ನಿಮ್ಮದೂ ಇದೆ."

"ನಾನು ಸತ್ತರೂ ಅದನ್ನ ನನ್ನ ಮೇಲೆ ಹಾಕಕೂಡದು."

"ಆಗ ನಿಮಗೆ ಚಳಿ ಆಗಲ್ಲ ಬಿಡಿ. ಈಗ ಹಾಕ್ಕೊಳ್ಳಿ."

ಮಾಸ್ತರರು ಜಗ್ಗಲಿಲ್ಲ. ಹೆಂಡತಿ, ಅತ್ತೆ, ಮಗಳು ಕಣ್ಣೆದುರೇ ಪಕ್ಷಾಂತರ ಮಾಡಿ, ಮುಂದಿನ ಬೋಗಿಯ ಮೆತ್ತನೆಯ ಸೀಟಿನಲ್ಲಿ ಕೂತರು. ಮಾಸ್ತರರು ಸಲಿಕೆಗಳ ಜೊತೆ ಹಿಂದಿನ ಡಬ್ಬಿ ಹತ್ತಿದರು. ಅಲ್ಲಿ ಕಿತ್ತಳೆಯವನೊಬ್ಬ ಸರಿದು ಜಾಗ ಕೊಟ್ಟ. ಇನ್ನೊಬ್ಬ ಮಾಸ್ತರರ ಕೋಟಿನ ಅಂಚು ಮಗುಚಿ ಒಳಗಿನ ಅಸ್ತರು ನೋಡಿ, ಪಕ್ಕದವನನ್ನು ಕರೆದು ತೋರಿಸಿದ. ತಮ್ಮ ಹೊಲಿಗೆಯನ್ನು ಯಾರಾದರೂ ಹೀಗೆ ಮಗುಚಿ ನೋಡಿ ಎಷ್ಟು ಕಾಲವಾಗಿತ್ತೋ. ಮಾಸ್ತರರಿಗೆ ಕಿಟಕಿಯಾಚೆಯ ಬೆಟ್ಟ ಮೊದಲ ಸಲ ಸುಂದರವಾಗಿ ಕಂಡಿತು.

ನೆತ್ತಿಯ ಮೇಲೆ ಇಳಿದ ಕೂಡಲೆ ಒಬ್ಬ ಯುವಕ ಮಾಸ್ತರರ ಕೈಗೆ ಫೋನು ಕೊಟ್ಟು, ತನ್ನ ಹೆಂಡತಿಯ ಪಕ್ಕ ಹೋಗಿ ನಿಂತ. ಮಾಸ್ತರರು ಅಭ್ಯಾಸಬಲದಿಂದ, "ಭುಜ ಸಡಿಲ ಬಿಡಿ, ಉಸಿರು ಬಿಗಿಹಿಡೀಬೇಡಿ" ಎಂದರು. ಭಾಷೆ ಬಾರದಿದ್ದರೂ ಇಬ್ಬರೂ ಭುಜ ಸಡಿಲ ಬಿಟ್ಟರು. ಅವರ ಹಿಂದೆ ಇನ್ನೊಬ್ಬರು ಬಂದು ನಿಂತರು, ಅವರ ಹಿಂದೆ ಮತ್ತೊಬ್ಬರು. ಮಾಸ್ತರರು ತಲೆಯೆತ್ತಿ ನೋಡಿದರೆ ಎದುರಿಗೆ ಉದ್ದನೆಯ ಸಾಲು. ತಮ್ಮ ಸರದಿಗೆ ಕಾಯುವ ಜನ.

ಆ ಸಾಲಿನಲ್ಲೇ ಹೆಂಡತಿ, ಅತ್ತೆ, ಮಗಳ ಸರದಿಯೂ ಬಂತು. ಮೂವರೂ ಶತ್ರುವಿನ ಕೋಟಿನಲ್ಲಿ, ಹಿಮಶಿಖರಕ್ಕೆ ಬೆನ್ನು ಮಾಡಿ ನಿಂತರು. ಮಾಸ್ತರರು ತಮ್ಮ ಕೈಯಾರೆ ಗುಂಡಿ ಒತ್ತಿದರು. ಒತ್ತಿದ ಮೇಲೆ ಹೊಳೆಯಿತು: ಇನ್ನು ಮುಂದೆ ಬೆಳಗಾದರೆ ಎದುರಿನ ಗಾಜಿನಲ್ಲಿ ಕಾಣುವುದು ಇದೇ.

"ನಾಲ್ಕೂ ಜನ ಇರಬೇಕಂತೆ, ಷರತ್ತು," ಎನ್ನುತ್ತ ಹೆಂಡತಿ ಹತ್ತಿರ ಬಂದು, ನಾಲ್ಕನೆಯ ಕೋಟನ್ನು ಬಿಡಿಸಿ ಹಿಡಿದರು. ದನಿ ಈಗ ಮೆತ್ತಗಾಗಿತ್ತು. "ಒಂದು ಗಳಿಗೆ ಹಾಕ್ಕೊಂಡು ಬಿಚ್ಚಿಬಿಡಿ. ನೀವಿಲ್ದೆ ಫೋಟೋ ಏನು ಚೆಂದ ಹೇಳಿ."

ಮಾಸ್ತರರ ಮನಸ್ಸಿನಲ್ಲಿ ಪ್ರತಿಜ್ಞೆಯೂ ಹೆಂಡತಿಯ ಮುಖವೂ ತೂಗಾಡಿದವು. ಕೊನೆಗೆ ಕಿತ್ತಳೆ ಕೋಟಿನ ಮೇಲಿನೆರಡು ಗುಂಡಿ ಬಿಚ್ಚಿದರು.

ಅಷ್ಟರಲ್ಲಿ ಸೀಟಿ ಕೇಳಿಸಿತು. ಮುಂದಿನ ರೈಲು ಬಂದು ನಿಂತಿತ್ತು. ಬಾಗಿಲಿನಿಂದ ಜನ, ಮಕ್ಕಳು, ಪೆಟ್ಟಿಗೆಗಳು ಸುರಿಯುತ್ತಿದ್ದವು. ಕಿತ್ತಳೆಯವರೆಲ್ಲ ಅತ್ತ ಹೊರಟರು. ಮುದುಕಿಯೊಬ್ಬಳು ಅಷ್ಟು ಜನರ ನಡುವೆ ಮಾಸ್ತರರನ್ನೇ ಹುಡುಕಿ ಕೈಯೆತ್ತಿದಳು. ಮಾಸ್ತರರ ಬೆರಳುಗಳು ತಾವಾಗಿ ಎರಡೂ ಗುಂಡಿಗಳನ್ನು ಮತ್ತೆ ಹಾಕಿದವು.

"ರೀ, ಎಲ್ಲಿಗೆ ಹೊರಟ್ರಿ? ಫೋಟೋ?"

"ಇಲ್ಲೇ, ಬಂದೆ. ಗಿರಾಕಿ ನಿಂತಿದ್ದಾರೆ ನೋಡೇ. ನೀನು ಆ ಕೋಟು ಹಿಡ್ಕೊಂಡಿರು, ನಾನು ಈ ಅಜ್ಜಿಯ ಪೆಟ್ಟಿಗೆ ಒಂದನ್ನ ಅಲ್ಲಿಟ್ಟು, ಆಮೇಲೆ ಹಾಗೇ..." ಎನ್ನುತ್ತಿದ್ದ ಮಾಸ್ತರರು ಆಗಲೇ ಹಿಮದಲ್ಲಿ ಅರ್ಧ ದಾರಿ ನಡೆದಾಗಿತ್ತು.