ಕುದುರೆ ಹತ್ತುವ ತೂಕ

ಎಲ್ಲ ಫಜೀತಿಗೂ ಮೂಲ ಎಂಟುನೂರು ಗ್ರಾಂ.

ಶನಿವಾರ ಬೆಳಗ್ಗೆ ಆರೂವರೆಗೆ ಇನ್‌ಸ್ಪೆಕ್ಟರು ಮನೆಯ ತೂಕದ ಯಂತ್ರದ ಮೇಲೆ ನಿಂತಾಗ ಮುಳ್ಳು ತೊಂಬತ್ತು ಕಿಲೋ ದಾಟಿ, ಇನ್ನೂ ಎಂಟು ಗೆರೆ ನಡೆದು ನಿಂತಿತು. ಇಪ್ಪತ್ತನಾಲ್ಕು ವರ್ಷದಿಂದ ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದು, ಊರಿನವರ ತಕ್ಕಡಿಗಳನ್ನು ಪರೀಕ್ಷಿಸುತ್ತಿದ್ದ ಮನುಷ್ಯ. ಮುಳ್ಳಿನ ಜೊತೆ ಜಗಳವಾಡಿ ಫಲವಿಲ್ಲವೆಂದು ಬಲ್ಲವರು.

ಕುದುರೆ ಸವಾರಿ ಕಲಿಯಬೇಕೆಂಬುದು ಅವರ ಹತ್ತನೆಯ ವಯಸ್ಸಿನ ಆಸೆ. ಓದು ಮುಗಿಯಲಿ, ಕೆಲಸ ಸಿಗಲಿ, ಮಗಳು ಒಂದು ದಡ ಸೇರಲಿ ಎಂದು ಮುಂದೂಡುತ್ತ ಬಂದರು. ಎಲ್ಲ ಅಡ್ಡಿಯೂ ಕಳೆಯಿತು ಎನ್ನುವ ಹೊತ್ತಿಗೆ ಹೊಟ್ಟೆಯೇ ಅಡ್ಡ ಬಂದಿತ್ತು. ‘ತೂಕ ಇಳೀಲಿ, ಆಮೇಲೆ’ ಎನ್ನುತ್ತ ಮತ್ತೆ ಎಂಟು ವರ್ಷ ಕಳೆಯಿತು. ಊರಾಚೆಯ ಸವಾರಿ ಶಾಲೆಯಲ್ಲಿ ಹೊಸಬರಿಗೆ ಎರಡೇ ನಿಯಮ: ತೂಕ ತೊಂಬತ್ತು ಕಿಲೋ ಮೀರಬಾರದು, ವಯಸ್ಸು ಐವತ್ತು ತುಂಬಿರಬಾರದು. ಒಂದು ತಿಂಗಳು ಅರೆಹೊಟ್ಟೆ ಉಂಡು ಅವರು ಆರು ಕಿಲೋ ಇಳಿಸಿದ್ದರು. ಐವತ್ತು ತುಂಬುವುದು ನಾಳೆ.

“ಸಂಜೆ ಐದಕ್ಕೆ ಅಲ್ಲಿ ತೂಗ್ತಾರೆ,” ಎಂದರು ಹೆಂಡತಿಗೆ. “ಇನ್ನೂ ಎಂಟುನೂರು ಗ್ರಾಂ ಉಳಿದಿದೆ.”

“ತಿಂಡಿ ಬಿಡಿ, ನೀರು ಬಿಡಿ. ಮಾತು ಜಾಸ್ತಿ ಆಡಿ, ಸ್ವಲ್ಪ ಉಸಿರಾದ್ರೂ ಹೋಗತ್ತೆ.”

“ಪೂರ್ತಿ ಹೋಗ್ಬಿಟ್ರೆ?”

“ಆಗ ಕುದುರೆ ಯಾಕ್ರೀ, ನಾಲ್ಕು ಜನ ಹೊರ್ತಾರೆ.”

ಕಚೇರಿಯಲ್ಲಿ ಗುಟ್ಟು ಬಿಟ್ಟುಕೊಡಬಾರದೆಂದೇ ಹೋಗಿದ್ದರು. ಆದರೆ ಹತ್ತೂವರೆಯ ಟೀ ಬೇಡವೆಂದದ್ದು ಹೆಡ್ ಕ್ಲರ್ಕಿನ ಕಣ್ಣಿಗೆ ಬಿತ್ತು.

“ಟೀ ಬೇಡ್ವಾ? ಮನೇಲೇನಾದ್ರೂ ಜಗಳವಾ ಸಾರ್?”

“ಇಲ್ಲಪ್ಪ.”

“ಹಾಗಾದ್ರೆ ಕಾಯಿಲೆ,” ಎಂದಳು ಟೈಪಿಸ್ಟು. ಕಾಯಿಲೆಯ ಸುದ್ದಿ ಊರೆಲ್ಲ ಹಬ್ಬುವುದಕ್ಕಿಂತ ಕುದುರೆಯ ಸುದ್ದಿ ವಾಸಿ ಎನಿಸಿ ಇನ್‌ಸ್ಪೆಕ್ಟರು ಬಾಯಿಬಿಟ್ಟರು. ಅಲ್ಲಿಗೆ ಕಚೇರಿಯ ಕೆಲಸ ನಿಂತಿತು.

“ನಮ್ಮ ಚಿಕ್ಕಮ್ಮ ಮದುವೆ ಬಟ್ಟೆ ಹಿಡಿಸ್ಲಿ ಅಂತ ಕಂಬಳಿ ಹೊದ್ದು ಬಿಸಿಲಲ್ಲಿ ಕೂತಿದ್ರು,” ಎಂದಳು ಟೈಪಿಸ್ಟು. “ಎರಡು ಗಂಟೇಲಿ ಅರ್ಧ ಕಿಲೋ ಹೋಯ್ತು.”

“ಬಟ್ಟೆ ಹಿಡಿಸ್ತಾ?”

“ಮದುವೆನೇ ಮುರೀತು. ಆದ್ರೆ ತೂಕ ಇಳೀತು ಸಾರ್.”

ಕಚೇರಿಯಲ್ಲಿ ಕಂಬಳಿ ಇರಲಿಲ್ಲ. ಹೆಡ್ ಕ್ಲರ್ಕು ತನ್ನ ಮಳೆಕೋಟು ತೊಡಿಸಿ, ಎರಡು ಕೈಗೂ ಹಳೆಯ ಫೈಲು ಕೊಟ್ಟು, ದಾಖಲೆ ಕೋಣೆಯ ಮೂವತ್ತೆರಡು ಮೆಟ್ಟಿಲು ಹತ್ತಿಸಿದ. ಗಂಟೆಗೊಮ್ಮೆ ಪರೀಕ್ಷಾ ಕೊಠಡಿಯ ಯಂತ್ರದಲ್ಲಿ ತೂಗಿ ಗೋಡೆಯ ಮೇಲೆ ಬರೆದ. ಮೂರು ಗಂಟೆಗೆ ಇನ್‌ಸ್ಪೆಕ್ಟರು ಬೇಯಿಸಿ ತೆಗೆದ ಆಲೂಗಡ್ಡೆಯಂತೆ ಹಬೆಯಾಡುತ್ತಿದ್ದರು. ತೂಕ ಎಂಬತ್ತೊಂಬತ್ತು ಕಿಲೋ ಏಳುನೂರೈವತ್ತು.

ಆ ಹೊತ್ತಿಗೆ ಸರಿಯಾಗಿ ಸಾಹೇಬರು ಕೇಕು ಹಿಡಿದು ಬಂದರು. “ನಾಳೆ ಭಾನುವಾರ. ನಿಮ್ಮ ಐವತ್ತನ್ನ ಇವತ್ತೇ ಕತ್ತರಿಸಿಬಿಡೋಣ ಕಣ್ರೀ,” ಎಂದು ತಾವೇ ಒಂದು ತುಂಡು ಇನ್‌ಸ್ಪೆಕ್ಟರ ಬಾಯಿಗಿಟ್ಟರು. ಮೇಲಧಿಕಾರಿ ತಿನ್ನಿಸಿದ್ದನ್ನು ಉಗುಳಬಹುದೇ ಎಂಬ ಬಗ್ಗೆ ಸೇವಾ ನಿಯಮಗಳು ಏನನ್ನೂ ಹೇಳಿರಲಿಲ್ಲ. ಆ ತುಂಡಿನ ತೂಕ ನೂರೈವತ್ತು ಗ್ರಾಂ. ಮತ್ತೆ ತೂಗಿದರು: ಎಂಬತ್ತೊಂಬತ್ತು ಕಿಲೋ ಒಂಬೈನೂರು.

“ನೂರು ಗ್ರಾಂ ಇನ್ನೂ ನಮ್ಮ ಕಡೆ ಇದೆ, ನಡೀರಿ ಸಾರ್,” ಎಂದ ಹೆಡ್ ಕ್ಲರ್ಕು, ತಾನೇ ಕುದುರೆ ಹತ್ತುವವನಂತೆ.

ಇಬ್ಬರೂ ಇಲಾಖೆಯ ಜೀಪಿನಲ್ಲಿ ಸವಾರಿ ಶಾಲೆ ತಲುಪಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಅಂಗಳದಲ್ಲಿ ಕಂದು ಕುದುರೆಯೊಂದು ಜೀನು ಹಾಕಿಸಿಕೊಂಡು ನಿಂತಿತ್ತು. ಇನ್‌ಸ್ಪೆಕ್ಟರು ಅದರ ಕತ್ತು ಸವರಿದರು. ಕಣ್ಣು ತುಂಬಿ ಬಂತು. ಸವಾರಿ ಮಾಸ್ತರು ಅವರನ್ನು ಮೇವಿನ ಚೀಲ ತೂಗುವ ಯಂತ್ರದ ಮೇಲೆ ನಿಲ್ಲಿಸಿದ.

“ತೊಂಬತ್ತೊಂದು ಕಿಲೋ ಏಳುನೂರು,” ಎಂದ. “ಇಳೀರಿ ಸ್ವಾಮಿ.”

“ಸಾಧ್ಯವೇ ಇಲ್ಲ. ನಿಮ್ಮ ಯಂತ್ರ ತಪ್ಪು ತೋರಿಸ್ತಿದೆ.”

“ಹಾಗೆ ಹೇಳೋಕೆ ನೀವ್ಯಾರು?”

“ತೂಕದ ಇನ್‌ಸ್ಪೆಕ್ಟರ್.”

ಮಾಸ್ತರು ನಿಧಾನವಾಗಿ ಒಳಗೆ ಹೋಗಿ ಒಂದು ಕಾಗದ ತಂದ. “ಹೋದ ತಿಂಗಳಷ್ಟೇ ನಿಮ್ಮ ಇಲಾಖೆಯವರು ಸರಿಯಿದೆ ಅಂತ ಕೊಟ್ಟ ಸರ್ಟಿಫಿಕೇಟು. ನೋಡಿ.”

ಕೆಳಗಿದ್ದ ಸಹಿ ಇನ್‌ಸ್ಪೆಕ್ಟರದೇ. ಆಗ ನೆನಪಾಯಿತು. ವಾರ್ಷಿಕ ಪರೀಕ್ಷೆಗೆಂದು ಅವತ್ತು ನಲವತ್ತು ಯಂತ್ರ ಕಚೇರಿಗೆ ಬಂದಿದ್ದವು. ಇದನ್ನು ತಂದವನೇ ಶಾಲೆಯ ಕರಪತ್ರವನ್ನೂ ಕೊಟ್ಟುಹೋಗಿದ್ದ. ಅದನ್ನು ಮೇಜಿನ ಕೆಳಗಿಟ್ಟುಕೊಂಡು ಓದುತ್ತ, ಕುದುರೆಯ ಚಿತ್ರ ನೋಡುತ್ತ, ಎದುರಿಗೆ ಬಂದ ಕಾಗದಕ್ಕೆಲ್ಲ ಸಹಿ ಹಾಕಿದ್ದರು.

ಹೆಡ್ ಕ್ಲರ್ಕು ಅಂಗಿ ಜಗ್ಗಿದ. “ದಪ್ಪ ಅಂತ ಒಪ್ಕೊಂಡುಬಿಡಿ ಸಾರ್. ಯಂತ್ರ ತಪ್ಪು ಅಂದ್ರೆ ವಿಚಾರಣೆ ಆಗೋದು ನಿಮ್ಮ ಮೇಲೆ.”

ಇನ್‌ಸ್ಪೆಕ್ಟರು ಕುದುರೆಯ ಕಡೆ ನೋಡಿದರು. ನಲವತ್ತು ವರ್ಷ ಕಾದಿದ್ದರು. “ಜೀಪಿಂದ ತೂಕದ ಕಲ್ಲು ತಗೊಂಡ್ಬಾ,” ಎಂದರು.

ಇಪ್ಪತ್ತು ಕಿಲೋ ಕಲ್ಲಿಟ್ಟರೆ ಯಂತ್ರ ಇಪ್ಪತ್ತು ಕಿಲೋ ನಾನೂರು ತೋರಿಸಿತು. ಅವರು ಅಲ್ಲೇ ಕೂತು ಎರಡು ಕಾಗದ ಬರೆದರು. ಮೊದಲನೆಯದು, ಈ ಯಂತ್ರ ದೋಷಪೂರಿತ, ಬಳಸಬಾರದು. ಎರಡನೆಯದು ಸಾಹೇಬರಿಗೆ: ಸದರಿ ಯಂತ್ರವನ್ನು ಪರೀಕ್ಷಿಸದೆಯೇ ನಾನು ಸಹಿ ಹಾಕಿರುತ್ತೇನೆ. ಬರೆದು ಎದ್ದಾಗ ಮೈ ಹತ್ತು ಕಿಲೋ ಹಗುರಾದಂತಿತ್ತು.

“ದೊಡ್ಡ ಮನಸ್ಸು ಸ್ವಾಮಿ ನಿಮ್ಮದು,” ಎಂದ ಮಾಸ್ತರು, ಪ್ರವೇಶದ ಫಾರಂ ತೆಗೆದು. “ಹೇಳಿ, ನಿಜವಾದ ತೂಕ?”

“ಎಂಬತ್ತೊಂಬತ್ತು, ಒಂಬೈನೂರು. ಕಚೇರಿ ಯಂತ್ರದಲ್ಲಿ ತೂಗಿದ್ದು.”

“ಇಲ್ಲಿ ಯಂತ್ರದ ಸರ್ಟಿಫಿಕೇಟು ಅಂತ ಒಂದು ಕಾಲಂ ಇದೆ. ಕಚೇರೀದಕ್ಕೆ ಸಹಿ ಯಾರದು?”

“ನಂದೇ.”

ಇನ್‌ಸ್ಪೆಕ್ಟರು ಆಗಷ್ಟೇ ಬರೆದ ಎರಡನೆಯ ಕಾಗದವನ್ನು ಮಾಸ್ತರು ಓದಿದ. ಆಮೇಲೆ ಪೆನ್ನಿನ ಮುಚ್ಚಳ ಹಾಕಿದ.

“ಬೇಜಾರು ಮಾಡ್ಕೋಬೇಡಿ. ಆರು ಗಂಟೆವರೆಗೂ ಇರ್ತೀನಿ. ಊರಲ್ಲಿ ಎಲ್ಲಾದ್ರೂ ತೂಗಿಸ್ಕೊಂಡ್ಬನ್ನಿ. ನಿಮ್ಮ ಸಹಿ ಇಲ್ಲದ ಯಂತ್ರ ಆದ್ರೆ ಸಾಕು.”

ದಿನಸಿ ಅಂಗಡಿ, ಆಸ್ಪತ್ರೆ, ರದ್ದಿ ಪೇಪರಿನವನು, ರೈಲು ನಿಲ್ದಾಣದ ಪಾರ್ಸೆಲ್ ಕೋಣೆ ಎಂದು ಇನ್‌ಸ್ಪೆಕ್ಟರು ಮನಸ್ಸಿನಲ್ಲೇ ಇಡೀ ಊರು ಸುತ್ತಿ ಬಂದರು.

“ಇಲ್ಲ,” ಎಂದರು ಕೊನೆಗೆ. “ಇಪ್ಪತ್ತನಾಲ್ಕು ವರ್ಷದಲ್ಲಿ ಒಂದನ್ನೂ ಬಿಟ್ಟಿಲ್ಲ.”