ಕರಾರುಪತ್ರಕ್ಕೆ ಮೂವತ್ತೆಂಟು ಮಾರ್ಕು

ಇಡೀ ಕೋಲಾರ ಜಿಲ್ಲೆಯಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬರೇ ಒಬ್ಬರು, ಅವರು ನಮ್ಮ ಸೋದರಮಾವ. ಇದು ನನ್ನ ಅಭಿಪ್ರಾಯವಲ್ಲ ಸ್ವಾಮಿ, ಅವರದೇ! ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ಈ ಮಹಾನುಭಾವರ ಜೇಬಿನಲ್ಲಿ ಯಾವಾಗಲೂ ಒಂದು ಕೆಂಪು ಪೆನ್ಸಿಲ್ ಇರುತ್ತಿತ್ತು. ಬೇರೆಯವರಿಗೆ ನಶ್ಯದ ಚಟವೋ ಇಸ್ಪೀಟಿನ ಚಟವೋ ಇದ್ದರೆ, ಇವರಿಗೆ ಕಣ್ಣಿಗೆ ಬಿದ್ದ ಇಂಗ್ಲಿಷನ್ನೆಲ್ಲ ತಿದ್ದುವ ಚಟ. ಸೋಪಿನ ಪೊಟ್ಟಣ, ಔಷಧಿ ಶೀಸೆಯ ಚೀಟಿ, ಟೂರಿಂಗ್ ಟಾಕೀಸಿನ ಜಾಹೀರಾತು, ಯಾವುದನ್ನೂ ಬಿಟ್ಟವರಲ್ಲ. ಒಮ್ಮೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಹಿಂಭಾಗದ ಸ್ಪೆಲಿಂಗ್ ತಿದ್ದುತ್ತ ನಿಂತರು. ಬಸ್ಸು ಹೊರಟೇಹೋಯಿತು. ಬಸ್ಸಿನೊಳಗೆ ನಾನಿದ್ದೆ!

ಮದುವೆ ಯಾಕಾಗಲಿಲ್ಲ ಅಂತೀರಾ? ಗೌರಿಬಿದನೂರಿನಿಂದ ಒಳ್ಳೆಯ ಸಂಬಂಧವೊಂದು ಬಂದಿತ್ತು. ಹುಡುಗಿಯ ತಂದೆ, ಪಾಪ, ವರ ಇಂಗ್ಲಿಷ್ ಮೇಷ್ಟ್ರಲ್ಲವೇ ಎಂದು ಗೌರವಕ್ಕೆ ಇಂಗ್ಲಿಷಿನಲ್ಲೇ ಕಾಗದ ಬರೆದರು. ಮಾವ ಅದನ್ನು ತಿದ್ದಿ, ಕೆಳಗೆ ‘ವಾಕ್ಯರಚನೆ ಸುಧಾರಿಸಬೇಕು’ ಎಂದು ಷರಾ ಬರೆದು, ಜಾತಕದ ಜೊತೆ ವಾಪಸು ಕಳಿಸಿದರು. ಆಮೇಲೆ ಆ ಕಡೆಯಿಂದ ಯಾವ ಭಾಷೆಯಲ್ಲೂ ಕಾಗದ ಬರಲಿಲ್ಲ.

ಇಂಥವರ ಕೈಗೆ, ಐವತ್ತರ ದಶಕದ ಕೊನೆಯಲ್ಲಿ, ಪರದೇಶದಿಂದ ಒಂದು ಕರಾರುಪತ್ರ ಬಂತು. ಆಗ ಆಫ್ರಿಕಾದ ಒಂದು ದೇಶದವರು ತಮ್ಮ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ನಮ್ಮ ಕಡೆಯ ಮೇಷ್ಟ್ರುಗಳನ್ನು ಕರೆಸಿಕೊಳ್ಳುತ್ತಿದ್ದರು. (ಆ ದೇಶದ ಹೆಸರು ಬರೆಯುವುದಿಲ್ಲ. ಅದರ ಉಚ್ಚಾರಣೆಗೆ ಮಾವನಿಂದ ಬೈಸಿಕೊಂಡದ್ದು ಈ ಜನ್ಮಕ್ಕೆ ಸಾಕು!) ಹೆಡ್ಮಾಸ್ಟರೇ ಮುಂದೆ ನಿಂತು ಮಾವನಿಂದ ಅರ್ಜಿ ಹಾಕಿಸಿದ್ದರು. ಮಾವ ತೊಲಗಿದರೆ ತಮ್ಮ ನೋಟೀಸುಗಳನ್ನು ತಿದ್ದುವವರು ಇರುವುದಿಲ್ಲವಲ್ಲ! ಬೆಂಗಳೂರಿನಲ್ಲಿ ಇಂಟರ್‌ವ್ಯೂ ಆಯಿತು, ಕೆಲಸ ಸಿಕ್ಕಿತು, ಹತ್ತು ಪುಟದ ಕರಾರಿನ ಎರಡು ಪ್ರತಿ ಅಂಚೆಯಲ್ಲಿ ಬಂದವು. ಒಂದು ತಿಂಗಳೊಳಗೆ ಒಂದಕ್ಕೆ ಸಹಿ ಹಾಕಿ ಕಳಿಸಬೇಕಿತ್ತು.

ಮನೆಯಲ್ಲಿದ್ದವರು ಮೂವರೇ. ಮಾವ, ಅವರ ಅಕ್ಕ, ಅಂದರೆ ನನ್ನ ಅಮ್ಮ, ಮತ್ತು ಎಸ್ಸೆಸ್ಸೆಲ್ಸಿ ಮುಗಿಸಿ ಕೂತಿದ್ದ ನಾನು. ಅಪ್ಪ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಹೋದರೆ ಮೂವರೂ ಹೋಗುವುದು, ಇಲ್ಲದಿದ್ದರೆ ಯಾರೂ ಇಲ್ಲ ಎಂದು ಮಾವ ಮೊದಲ ದಿನವೇ ಹೇಳಿಬಿಟ್ಟಿದ್ದರು. ಹಡಗು! ಸಮುದ್ರ! ನಾನು ಅಲ್ಲಿಯವರೆಗೆ ಕಂಡ ದೊಡ್ಡ ನೀರೆಂದರೆ ಊರ ಕೆರೆ, ಅದೂ ಬೇಸಿಗೆಯಲ್ಲಿ ಇರುತ್ತಿರಲಿಲ್ಲ. ಸ್ನೇಹಿತರಿಗೆಲ್ಲ ಹೋಗಿಬರ್ತೀನಿ ಎಂದು ಹೇಳಿ ಮುಗಿಸಿದ್ದೆ. ಪಕ್ಕದ ಮನೆಯ ಬೀಬಮ್ಮ ನಾವು ಸುಖವಾಗಿ ಊರು ಸೇರಲೆಂದು ಮುರುಗಮಲ್ಲದ ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಬಂದರು. ಸಕ್ಕರೆ ತಿಂದದ್ದಾಯಿತು. ಸಹಿ ಮಾತ್ರ ಆಗಲಿಲ್ಲ.

ಯಾಕೆ ಅಂದರೆ, ಮಾವ ಕರಾರನ್ನು ಓದುತ್ತಿರಲಿಲ್ಲ, ಪರೀಕ್ಷೆಯ ಪೇಪರಿನಂತೆ ವ್ಯಾಲ್ಯುಯೇಷನ್ ಮಾಡುತ್ತಿದ್ದರು! ದಿನಾ ಸಂಜೆ ಜಗಲಿಯ ಮೇಲೆ ಕೂತು, ಮೂಗಿನ ತುದಿಗೆ ಕನ್ನಡಕ ಇಳಿಸಿ, ಪುಟಕ್ಕಿಷ್ಟು ಎಂದು ಮಾರ್ಕು ಹಾಕುತ್ತಿದ್ದರು. ಅದನ್ನು ಬರೆದ ಪರದೇಶದ ಸಾಹೇಬನ್ಯಾರೋ, ಅವನೂ ನಮ್ಮ ಒಂಬತ್ತನೇ ಕ್ಲಾಸಿನ ದಡ್ಡರ ಸಾಲಿಗೆ ಸೇರಿಬಿಟ್ಟ.

‘ಬಾರೋ ಇಲ್ಲಿ. ನೋಡಿದ್ಯಾ ಇವರ ಕಿತಾಪತಿ? ನಾನು ಮಾಡೋದಕ್ಕೆಲ್ಲ ಶಲ್ ಹಾಕಿದಾರೆ. ಅವರು ಕೊಡೋದಕ್ಕೆಲ್ಲ ವಿಲ್ ಹಾಕಿದಾರೆ!’

‘ಅದರಲ್ಲೇನಿದೆ ಮಾವ?’

‘ಏನಿದೆಯಾ? ಥೂ, ನಾನು ಪಾಠ ಮಾಡಿದ್ದು ಯಾರಿಗೋ! ಹೀ ಶಲ್ ಅಂದ್ರೆ ಮಾಡಲೇಬೇಕು ಅಂತ. ಹೀ ವಿಲ್ ಅಂದ್ರೆ ನಾಳೆ ಮಳೆ ಬರುತ್ತೆ ಅಂದಂಗೆ. ಇವರ ಸಂಬಳ ನಮ್ಮೂರ ಮಳೆ ಕಣೋ!’

ಎರಡನೇ ಪುಟಕ್ಕೆ ಹತ್ತಕ್ಕೆ ಮೂರು.

ಇನ್ನೊಂದು ಸಂಜೆ ನೋಡುತ್ತೇನೆ, ಜಗಲಿಯ ಮೇಲೆ ಧುಮುಗುಟ್ಟುತ್ತ ಓಡಾಡುತ್ತಿದ್ದಾರೆ. ಮೇಷ್ಟ್ರಿಗೂ ಅವರ ಕುಟುಂಬಕ್ಕೂ ಉಚಿತವಾಗಿ ಪ್ಯಾಸೇಜು ಕೊಡುತ್ತೇವೆ ಎಂದು ನಾಲ್ಕನೇ ಪುಟದಲ್ಲಿ ಬರೆದಿತ್ತು. ಇಂಗ್ಲಿಷ್ ಪೇಪರಿನಲ್ಲಿ ಒಂದು ಪ್ಯಾರಾ ಕೊಟ್ಟು, ಓದಿ ಉತ್ತರಿಸಿ ಅನ್ನುತ್ತಾರಲ್ಲ, ಮಾವನಿಗೆ ಗೊತ್ತಿದ್ದ ಪ್ಯಾಸೇಜು ಅದೊಂದೇ.

‘ಹದಿನಾಲ್ಕು ವರ್ಷದಿಂದ ಪ್ಯಾಸೇಜು ನಾನೇ ಆರಿಸ್ತಾ ಇದೀನಿ. ಕೊಡೋಕೆ ಇವರ್ಯಾರು? ಅದೂ ಕುಟುಂಬಕ್ಕೂ ಕೊಡ್ತಾರಂತೆ! ಅಕ್ಕ ಕೂತ್ಕೊಂಡು ಪ್ಯಾಸೇಜಿಗೆ ಉತ್ತರ ಬರೀಬೇಕಾ?’

ಅಮ್ಮ ಅಡುಗೆಮನೆಯಿಂದ ಗಾಬರಿಯಾಗಿ ಕೂಗಿದಳು. ‘ಅಯ್ಯೋ, ನನಗೂ ಪರೀಕ್ಷೆ ಇಟ್ಟಿದಾರೇನೋ?’

ಕೊನೆಗೆ ಮಾವನ ಹಳೆಯ ಸಹಪಾಠಿ, ಚಿಂತಾಮಣಿಯ ವಕೀಲರೊಬ್ಬರು, ಒಂದು ಭಾನುವಾರ ಬಂದು ಕರಾರು ನೋಡಿದರು. ನೋಡಿ, ಬಿದ್ದು ಬಿದ್ದು ನಕ್ಕರು.

‘ಏಮಯ್ಯಾ ಮೇಷ್ಟ್ರೇ, ಪ್ಯಾಸೇಜ್ ಅಂದ್ರೆ ಇಲ್ಲಿ ಹಡಗಿನ ಟಿಕೆಟ್ಟು! ನಿನ್ನ ಹತ್ರ ಇಂಗ್ಲಿಷ್ ಕಲಿಯೋ ಮಕ್ಕಳನ್ನ ಆ ದೇವುಡೇ ಕಾಪಾಡಬೇಕು!’

ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮಾವ? ‘ಹಂಗಾದ್ರೆ ಟಿಕೆಟ್ಟು ಅಂತಲೇ ಬರೀಬೇಕಿತ್ತು’ ಎಂದು, ಅಸ್ಪಷ್ಟ ಬರವಣಿಗೆಗಾಗಿ ಇನ್ನೆರಡು ಮಾರ್ಕು ಕಳೆದರು!

ವಕೀಲರು ಹೋಗುವ ಮುಂಚೆ ಒಂಬತ್ತನೇ ಪುಟ ತೆಗೆದು ತೋರಿಸಿದರು. ಹೆಂಡತಿ ಮಕ್ಕಳಲ್ಲದೆ ಬೇರೆ ಸಂಬಂಧಿಕರನ್ನು ಕರೆದೊಯ್ಯುವುದಾದರೆ, ಅವರು ಪೂರ್ತಿಯಾಗಿ ತನ್ನ ‘ಡಿಪೆಂಡೆಂಟ್’ ಎಂದು ಮೇಷ್ಟ್ರು ಬರೆದುಕೊಡಬೇಕು. ‘ಅಕ್ಕಂದೂ ಹುಡುಗಂದೂ ಹೆಸರು ಬರೆದು ಸಹಿ ಹಾಕು, ಮುಗೀತು’ ಅಂದರು. ಮಾವ ಪೆನ್ಸಿಲನ್ನು ಜೇಬಿಗೆ ಇಳಿಸಿ ಅವರನ್ನು ಕಳಿಸಿಕೊಡಲು ಎದ್ದರು.

ಇಷ್ಟೆಲ್ಲ ಆಗಿ ಕರಾರಿಗೆ ಬಂದದ್ದು ನೂರಕ್ಕೆ ಮೂವತ್ತೆಂಟು. ‘ಜಸ್ಟ್ ಪಾಸು. ಹೋಗ್ಲಿ ಪಾಪ, ಹೋಗಿ ಕಲಿಸಿಕೊಟ್ಟು ಬರಣ’ ಎಂದು ಮಾವ ದೊಡ್ಡ ಮನಸ್ಸು ಮಾಡಿದರು. ಪುಣ್ಯಕ್ಕೆ ತಿದ್ದಿದ್ದು ಒಂದೇ ಪ್ರತಿ. ಇನ್ನೊಂದಕ್ಕೆ ಕೂತು ಸಹಿ ಹಾಕಿದರು.

ಮಾರನೆಯ ದಿನ ಸೋಮವಾರ, ಅಂಚೆಗೆ ಹಾಕಲು ಅದೇ ಕೊನೆಯ ದಿನ. ಅದೇ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂರುವ ಮುಂಚೆ ಯಾಕೋ ಅನುಮಾನ ಬಂದು ಲಕೋಟೆ ಬಿಚ್ಚಿ ನೋಡಿದೆ. ಎಲ್ಲ ಪುಟಕ್ಕೂ ಸಹಿ ಇದೆ, ಒಂಬತ್ತನೆಯದು ಖಾಲಿ!

‘ಮಾವ, ಒಂಬತ್ತನೇ ಪುಟ ಬಿಟ್ಟುಬಿಟ್ಟಿದೀರ.’

‘ಮರೆತು ಬಿಟ್ಟಿಲ್ಲ. ಅಲ್ಲಿ ತಪ್ಪಿದೆ.’

‘ಏನು ತಪ್ಪು? ಸ್ಪೆಲಿಂಗಾ?’

‘ಸ್ಪೆಲಿಂಗ್ ಸರಿಯಾಗಿದೆ. ಪದ ತಪ್ಪು.’

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಪದ! ಮದುವೆ ಹೋದದ್ದು ಇವರ ತಿದ್ದುವ ಚಟದಿಂದ, ಈಗ ಹಡಗೂ ಹೋಗಬೇಕೇ? ಊರೆಲ್ಲ ಡಂಗುರ ಹೊಡೆದ ನಾನು ನಾಳೆ ಯಾವ ಮುಖ ಹೊತ್ತು ಬೀದಿಗಿಳಿಯಲಿ? ‘ನಿಮ್ಮ ವ್ಯಾಕರಣಕ್ಕೆ ಬೆಂಕಿ ಹಾಕ!’ ಅಂದೇಬಿಟ್ಟೆ.

ಮುದ್ದೆ ಬಡಿಸುತ್ತಿದ್ದ ಅಮ್ಮ ನನ್ನನ್ನು ಗದರಿಸಿ, ತಮ್ಮನ ಕಡೆ ತಿರುಗಿದಳು. ‘ಅದೇನಪ್ಪ ಆ ಪದ? ಕನ್ನಡದಲ್ಲಿ ಹೇಳು.’

ಯಾವ ಇಂಗ್ಲಿಷ್ ಪದಕ್ಕೂ ನಿಂತ ಕಾಲಿನಲ್ಲಿ ನಾಲ್ಕು ಅರ್ಥ ಹೇಳುವ ಮನುಷ್ಯ ತಟ್ಟೆ ನೋಡುತ್ತ ಕೂತರು.

‘ಇನ್ನೊಬ್ಬರ ಅನ್ನದಲ್ಲಿ ಬಿದ್ದಿರೋರು ಅಂತ ಕಣಕ್ಕ.’

‘ಅಷ್ಟೇನಾ! ಇರೋದೂ ಹಂಗೇ ಅಲ್ವೇನೋ? ಬರಿ, ನಾನೇನು ಬೇಜಾರು ಮಾಡ್ಕೊಳಲ್ಲ.’

‘ನೀನು ಮಾಡ್ಕೊಳಲ್ಲ. ನನ್ನ ಕೈಲಿ ಬರೆಯೋಕಾಗಲ್ಲ. ಅಪ್ಪ ಅಮ್ಮ ಹೋದಾಗ ನನಗೆ ಆರು ವರ್ಷ. ಯಾರೂ ಬಾ ಅನ್ನಲಿಲ್ಲ, ನೀನು ಗಂಡನ ಮನೆಗೆ ನನ್ನನ್ನ ಸೊಂಟದ ಮೇಲೆ ಹೊತ್ಕೊಂಡು ಹೋದೆ. ಚರಕದ ಮುಂದೆ ಕೂತು, ಕುದಿಯೋ ನೀರಿಗೆ ಕೈ ಹಾಕಿ, ಗೂಡಿನಿಂದ ರೇಷ್ಮೆ ನೂಲು ತೆಗೆದು ನನ್ನ ಓದಿಸಿದೆ. ನಿನ್ನ ಅನ್ನ ತಿಂದು ಕಲಿತ ಇಂಗ್ಲಿಷು ಕಣಕ್ಕ ಇದು. ಇದರಲ್ಲೇ ನಿನ್ನ ಹೆಸರಿನ ಮುಂದೆ ಆ ಪದ ಬರೀಲಾ?’

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಮಾವ ಬೇಡ ಬೇಡ ಅಂದರೂ ಇನ್ನರ್ಧ ಮುದ್ದೆ ಹಾಕಿದಳು. ಆಮೇಲೆ ನನ್ನ ತಟ್ಟೆಯ ಕಡೆಗೆ ಬಂದಳು.

ಆಗ ಅವಳ ಬೆರಳು ನೋಡಿದೆ. ತುದಿಗಳೆಲ್ಲ ಬೆಂದು, ಬಿಳಿಚಿ, ಗೆರೆಯೇ ಇಲ್ಲದಂತೆ ನುಣ್ಣಗಾಗಿದ್ದವು. ಹದಿನಾರು ವರ್ಷ ಆ ಕೈಯ ಊಟ ಮಾಡಿದ್ದೆ, ಒಂದು ದಿನವೂ ನೋಡಿರಲಿಲ್ಲ.