ಐದನೇ ಬಿ ಸೆಕ್ಷನ್ನಿನ ಅಪ್ಪ ಅಮ್ಮ

ಮಾಲವಿಕಾ: ಹತ್ತಕ್ಕೆ ಆರಾ ಮಿಸ್? ಎರಡು ಭಾನುವಾರ ಕೂತು ಬರೆದಿರೋ ಪ್ರಬಂಧ. ನಮಗೆ ಆರು ಅಂದ್ರೆ ಯಾರು ಒಪ್ತಾರೆ ಹೇಳಿ.

ನಾನು: ಆರು ಬಂದಿರೋದು ನಿಮ್ಮ ಮಗಳು ವಿಭಾಗೆ ಕಣಮ್ಮ.

ಮಾಲವಿಕಾ: ಅದೇ ಮಿಸ್, ನಮಗೆ.

ವಿದ್ಯಾರಣ್ಯಪುರದ ನಮ್ಮ ಶಾಲೆಯಲ್ಲಿ ಐದನೇ ಬಿ ಸೆಕ್ಷನ್ನಿಗೆ ಕ್ಲಾಸ್ ಟೀಚರ್ ನಾನು, ಹೆಸರು ಚೂಡಾಮಣಿ. ವರ್ಷದ ಕೊನೆಯ ಪೋಷಕರ ಸಭೆಯ ದಿನ ನನಗೆ ತಲೆನೋವು ತರುವವರು ಮಕ್ಕಳಲ್ಲ. ಮಕ್ಕಳು ಪಾಪ, ಹೊರಗೆ ಜಾರುಬಂಡೆ ಆಡಿಕೊಂಡಿರುತ್ತಾರೆ. ಅವರ ಪುಟ್ಟ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ಈಗ ನನ್ನೆದುರು ಕೂತಿದ್ದವರು ಸಿದ್ಧಾರ್ಥನಗರದ ಮಾಲವಿಕಾ ಮತ್ತು ಆಕೆಯ ಗಂಡ ವಾಗೀಶ. ಮಗಳು ವಿಭಾಗೆ ಆರನೇ ಕ್ಲಾಸಿನಲ್ಲಿ ಹೆಚ್ಚು ಅಂಕದವರಿಗೆ ಕೊಡುವ ಎ ಸೆಕ್ಷನ್ ಸಿಗಲೇಬೇಕಾಗಿತ್ತು. ಸಿಕ್ಕೇಬಿಟ್ಟಿತು ಎಂದು ಕೆಳಗಿನ ಮನೆಯ ಸುಚಿತ್ರಾಗೆ ಮಾಲವಿಕಾ ಹಬ್ಬಕ್ಕೆ ಮುಂಚೆಯೇ ಹೇಳಿಯಾಗಿತ್ತು.

ಗಣಿತ, ಇಂಗ್ಲಿಷ್ ಎರಡರಲ್ಲೂ ಹುಡುಗಿ ಚೆನ್ನಾಗಿಯೇ ಮಾಡಿದ್ದಳು. ಪರೀಕ್ಷೆಯ ಕೊಠಡಿಯೊಳಗೆ ಅಪ್ಪ ಅಮ್ಮನನ್ನು ಬಿಡುವುದಿಲ್ಲವಲ್ಲ, ಅದಕ್ಕೆ. ಮನೆಯಲ್ಲಿ ಮಾಡಿ ತರುವ ಪ್ರಾಜೆಕ್ಟುಗಳೇ ಅವಳನ್ನು ಕೆಳಗೆ ಎಳೆದಿದ್ದವು.

ಮಾಲವಿಕಾ: ಕಾಗುಣಿತ ತಪ್ಪಿಲ್ಲ, ಅಕ್ಷರ ಮುತ್ತಿನ ಹಾಗಿದೆ. ನಾಲ್ಕು ಯಾಕೆ ಕಳೆದ್ರಿ?

ನಾನು: ವಿಷಯ ‘ನನ್ನ ಬೇಸಿಗೆ ರಜೆ’. ಅದರಲ್ಲಿ, ‘ಓರಗಿತ್ತಿ ಬಂದು ಹದಿನೈದು ದಿನ ಕೂತಿದ್ದರಿಂದ ರಜೆಯ ನೆಮ್ಮದಿಯೆಲ್ಲ ಹಾಳಾಯಿತು’ ಅಂತಿದೆ. ಹತ್ತು ವರ್ಷದ ಹುಡುಗಿಗೆ ಓರಗಿತ್ತಿ ಎಲ್ಲಿಂದ ಬಂದ್ರಮ್ಮ?

ಮಾಲವಿಕಾ ಕಿಟಕಿಯ ಕಡೆ ನೋಡಿದರು. ವಾಗೀಶ ಹೆಂಡತಿಯ ಕಡೆ ನೋಡಿದರು.

ವಾಗೀಶ: ನಮ್ಮ ಅತ್ತಿಗೆ ವಿಷಯ ಬರೆದಿದ್ದೀಯಾ ನೀನು?

ಮಾಲವಿಕಾ: ವಿಭಾ ಬರೆದಿದಾಳೆ.

ವಾಗೀಶ: ಎರಡು ಭಾನುವಾರ ಕೂತು ಬರೆದೆ ಅಂತ ಈಗ ತಾನೇ ಅಂದೆ.

ಮಾಲವಿಕಾ: ರೀ, ನನಗೆ ಆರಾದ್ರೂ ಬಂದಿದೆ. ನಿಮ್ಮ ಅಣೆಕಟ್ಟೆಗೆ ಎಷ್ಟು ಬಂತು, ಅದನ್ನ ಕೇಳಿ ಮೊದಲು.

ಅಣೆಕಟ್ಟೆ ಎಂದರೆ ಸಮಾಜ ವಿಜ್ಞಾನಕ್ಕೆಂದು ಥರ್ಮಾಕೋಲಿನಲ್ಲಿ ಕಟ್ಟಿದ ಕನ್ನಂಬಾಡಿ. ಅದರ ಕರ್ತೃ ವಾಗೀಶ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಪಾಠ ಮಾಡುತ್ತಾರೆ. ಪ್ರದರ್ಶನದ ದಿನ ಅದಕ್ಕೆ ನೀರು ತುಂಬಿಸಿದ್ದೇ ತಡ, ಪಕ್ಕದ ಮೇಜಿನ ಜ್ವಾಲಾಮುಖಿ ಮುಳುಗಿತು, ಅದರಾಚೆಯ ಸೌರವ್ಯೂಹ ನೆನೆದು ಮುದ್ದೆಯಾಯಿತು. ಐದು ಕೊಟ್ಟಿದ್ದೇ ನನ್ನ ದೊಡ್ಡ ಮನಸ್ಸು.

ವಾಗೀಶ: ಐದಾ? ನಾನು ಇಪ್ಪತ್ತು ವರ್ಷದಿಂದ ಅಣೆಕಟ್ಟೆ ಪಾಠ ಮಾಡ್ತಾ ಇದೀನಿ ಮೇಡಂ. ನಿಮ್ಮ ಮೇಜೇ ಓರೆ ಇತ್ತು.

ನಾನು: ಸರ್, ಅಣೆಕಟ್ಟೆ ಯಾಕೆ ಕಟ್ತಾರೆ ಅಂತ ವಿಭಾನ ಕೇಳಿದೆ. ‘ಗೊತ್ತಿಲ್ಲ ಮಿಸ್, ನನ್ನನ್ನ ಹತ್ರಾನೇ ಸೇರಿಸ್ಲಿಲ್ಲ’ ಅಂದ್ಲು.

ಅವರಿಗೆ ಇದು ಕೇಳಿಸಿದಂತೆ ಕಾಣಲಿಲ್ಲ. ಮೇಜಿನ ಕಾಲು ಅಳೆಯಬೇಕೆಂದು ಅವರು, ಅಳೆಯುವುದಿದ್ದರೆ ಕನ್ನಂಬಾಡಿಯ ಗೋಡೆ ಅಳೆಯಿರಿ ಎಂದು ಆಕೆ. ನಮ್ಮ ಶಾಲೆಯನ್ನೂ ಹೊಗಳುವಂತಿಲ್ಲ. ಹೊಸದಾಗಿ ಅಡ್ಮಿಷನ್ನಿಗೆ ಬಂದವರಿಗೆ ತೋರಿಸಲು ದೊಡ್ಡ ದೊಡ್ಡ ಮಾಡೆಲ್ ಬೇಕು, ಅದನ್ನು ಹತ್ತು ವರ್ಷದ ಕೈಗಳು ಮಾಡಲಾರವು ಎಂಬುದು ಆಡಳಿತ ಮಂಡಳಿಗೆ ಚೆನ್ನಾಗಿ ಗೊತ್ತು. ಐದನೇ ಕ್ಲಾಸಿನಲ್ಲಿ ಮಕ್ಕಳು ಎಲ್ಲ ವಿಷಯದಲ್ಲೂ ಕಲಿಯುವುದು ಒಂದೇ, ಆಟೋದಲ್ಲಿ ಮಾಡೆಲನ್ನು ಮುರಿಯದ ಹಾಗೆ ತೊಡೆಯ ಮೇಲೆ ಹಿಡಿದುಕೊಂಡು ಬರುವುದು.

ಮಾಲವಿಕಾ: ಹಾಗಾದ್ರೆ ಎ ಸೆಕ್ಷನ್ ಹೋದ ಹಾಗೇನಾ ಮಿಸ್?

ದನಿ ಸಣ್ಣದಾಗಿತ್ತು. ಸುಚಿತ್ರಾ ಎದುರು ಮೆಟ್ಟಿಲು ಹತ್ತುವುದು ಹೇಗೆ ಎಂಬ ಯೋಚನೆ ಆಕೆಯ ಮುಖದಲ್ಲೇ ಕಾಣುತ್ತಿತ್ತು. ನನಗೂ ಅಯ್ಯೋ ಅನ್ನಿಸಿತು.

ನಾನು: ಇನ್ನೂ ವಿಜ್ಞಾನ ಹೇಳಿಲ್ಲ ಕಣಮ್ಮ. ಒಂದು ಜೀವೀನ ಒಂದು ವಾರ ನೋಡಿ, ಕ್ಲಾಸಲ್ಲಿ ಬಂದು ಬಾಯಲ್ಲೇ ಹೇಳ್ಬೇಕಿತ್ತು.

ಮಾಲವಿಕಾ: ಅದಕ್ಕೆ ಚಾರ್ಟ್ ಬೇಡ ಅಂದಿದ್ರಿ. ಅದಕ್ಕೇ ನಾವು ತಲೆ ಹಾಕ್ಲಿಲ್ಲ.

ನಾನು: ಹತ್ತಕ್ಕೆ ಹತ್ತು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರು ಹೇಳಿಕೊಟ್ಟಿದ್ದು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಇಬ್ಬರೂ ಅಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಮೇಲೆಯೇ ಅನುಮಾನಪಟ್ಟರು.

ವಾಗೀಶ: ಯಾವ ಜೀವಿ ಮೇಡಂ? ಅಳಿಲಾ?

ನಾನು: ಅಳಿಲು, ಇರುವೆ, ಹಲ್ಲಿ ಎಲ್ಲಾ ಬೇರೆ ಮಕ್ಕಳದು. ಇವಳು ಹೇಳಿದ್ದನ್ನ ಹಾಗೇ ಹೇಳ್ತೀನಿ ಕೇಳಿ. ‘ಈ ಜೀವಿ ಸಂಜೆ ಮನೆಗೆ ಬಂದು ಸೋಫಾ ಮೇಲೆ ಮಲಗುತ್ತದೆ. ಒಗ್ಗರಣೆ ವಾಸನೆ ಬಂದರೆ ಏಳುತ್ತದೆ. ಥರ್ಮಾಕೋಲ್ ಕಂಡರೆ ಕತ್ತರಿಸುತ್ತದೆ. ಆಗ ಮರಿ ಹತ್ತಿರ ಹೋದರೆ, ಮುಟ್ಬೇಡ, ಹಾಳಾಗುತ್ತೆ ಎಂದು ಸದ್ದು ಮಾಡಿ ಓಡಿಸುತ್ತದೆ. ಮರಿಗೆ ಆ ನೀರಿಗೆ ನೀಲಿ ಬಣ್ಣ ಹಚ್ಚಬೇಕು ಅಂತ ತುಂಬಾ ಆಸೆ ಇತ್ತು.’

ವಾಗೀಶ ಬೆಂಚಿನ ಮೇಲೆ ಯಾವುದೋ ಮಗು ಗೀಚಿದ್ದ ಹೆಸರನ್ನು ಬೆರಳಿನಿಂದ ಉಜ್ಜುತ್ತಾ ಕೂತರು. ಮನುಷ್ಯನಿಗೆ ನಿಜವಾಗಿಯೂ ಬೇಜಾರಾಗಿತ್ತು. ಮಾಲವಿಕಾಗೆ ಬೇರೆಯೇ ಸಂಕಟ.

ಮಾಲವಿಕಾ: ಮಿಸ್, ನಾನು? ಮನೇಲಿ ನಾನೂ ಇದೀನಲ್ಲ?

ನಾನು: ಅಮ್ಮನ್ನ ಯಾಕೆ ತಗೊಳ್ಲಿಲ್ಲ ಅಂತ ಕೇಳಿದೆ. ‘ಅದು ಒಂದು ಕಡೆ ಕೂರಲ್ಲ ಮಿಸ್. ನಾವು ನೋಡ್ತಾ ಇದ್ರೆ ನಮ್ಮನ್ನೇ ತಿದ್ದೋಕೆ ಬರುತ್ತೆ’ ಅಂದ್ಲು.

ಹೊರಗೆ ಜಾರುಬಂಡೆಯ ಮೇಲಿನಿಂದ ವಿಭಾ ಕಿರುಚಿಕೊಂಡು ಜಾರುವುದು ಕೇಳಿಸಿತು. ಇದೇ ಸರಿಯಾದ ಹೊತ್ತು ಎಂದು, ಆ ಹತ್ತು ಸೇರಿದ್ದರಿಂದಲೇ ಹುಡುಗಿಗೆ ಎ ಸೆಕ್ಷನ್ ಸಿಕ್ಕಿದೆ, ಪ್ರಾಜೆಕ್ಟುಗಳಲ್ಲಿ ಅವಳು ತಾನೇ ನೋಡಿ ತಾನೇ ಹೇಳಿದ್ದು ಅದೊಂದೇ, ಆರನೇ ಕ್ಲಾಸಿನಲ್ಲಾದರೂ ಅವಳ ಪಾಡಿಗೆ ಬಿಡಿ ಎಂದು ತಿಳಿಸಿ ಹೇಳಿದೆ. ಇಬ್ಬರೂ ತಲೆಯಾಡಿಸಿದರು. ಬುದ್ಧಿ ಬಂತು, ನನ್ನ ವರ್ಷ ಸಾರ್ಥಕವಾಯಿತು ಅಂದುಕೊಂಡೆ.

ಬಾಗಿಲವರೆಗೆ ಹೋದ ವಾಗೀಶ ನಿಂತರು. ಮುಖ ಅರಳಿತ್ತು.

ವಾಗೀಶ: ಅಲ್ಲಾ ಕಣೆ, ಜೀವಿ ನಾನೇ ಅಂದ್ಮೇಲೆ ಆ ಹತ್ತೂ ನನ್ನದೇ ತಾನೇ?

ಮಾಲವಿಕಾ: ಆಯ್ತು ಬಿಡಿ. ಬರೋ ವರ್ಷ ಜೀವಿ ನಾನು. ಪ್ರಬಂಧ ನೀವು ಬರ್ಕೊಳಿ.